ಫೋನ್ ಇಟ್ಟ ಮೇಲಿನ ಕೆಲಸ: ಸಹಾಯವಾಣಿಯಲ್ಲಿ ಸಮಾಜಕಾರ್ಯ ವಿದ್ಯಾರ್ಥಿಗಳು

(ಹಾಸನದಲ್ಲಿ ಸಮಾಜಕಾರ್ಯ ವಿದ್ಯಾರ್ಥಿಗಳು ಮತ್ತು ಅವರ ಕ್ಷೇತ್ರಕಾರ್ಯ ಮಾರ್ಗದರ್ಶಕರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ. ಇಲ್ಲಿ ಬರುವ ಕರೆಗಳು ಯಾವುದೇ ಒಬ್ಬ ವ್ಯಕ್ತಿಯವಲ್ಲ. ಹಲವು ಸಂದರ್ಭಗಳನ್ನು ಬೆರೆಸಿ, ಊರು ಮತ್ತು ವಿವರಗಳನ್ನು ಬದಲಿಸಿ ಹೇಳಲಾಗಿದೆ.)

ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಕಾಲೇಜುಗಳಿಂದ, ಸಂಕಟದಲ್ಲಿರುವವರ ಕರೆಗಳನ್ನು ಕೇಳುವ ನಮ್ಮಂಥ ಸಹಾಯವಾಣಿಗಳಿಗೆ ಒಂದು ಪತ್ರ ಬರುತ್ತದೆ. ನಮ್ಮ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ವಿಭಾಗದ ಇಷ್ಟು ಮಂದಿ ವಿದ್ಯಾರ್ಥಿಗಳಿಗೆ ವಾರದಲ್ಲಿ ಎರಡು ದಿನ ಕ್ಷೇತ್ರಕಾರ್ಯಕ್ಕೆ ಅವಕಾಶ ಮಾಡಿಕೊಡಬೇಕಾಗಿ ಕೋರಿಕೆ ಎಂದು ಅದರಲ್ಲಿ ಬರೆದಿರುತ್ತದೆ. ವಿದ್ಯಾರ್ಥಿಗಳ ಹೆಸರುಗಳಿರುತ್ತವೆ, ಅವಧಿ ಇರುತ್ತದೆ, ಹಾಜರಾತಿ ಹಾಳೆಗೆ ಸಹಿ ಮಾಡಬೇಕಾದವರು ಯಾರೆಂಬುದೂ ಇರುತ್ತದೆ. ಆ ವಿದ್ಯಾರ್ಥಿ ಸಹಾಯವಾಣಿಯಲ್ಲಿ ಕುಳಿತು ಏನನ್ನು ಕಲಿಯಬೇಕು ಎಂಬುದು ಮಾತ್ರ ಇರುವುದಿಲ್ಲ. ನಾನು ಇವತ್ತು ಮಾತನಾಡಬೇಕೆಂದಿರುವುದು ಪತ್ರದಲ್ಲಿ ಬರೆಯದೆ ಬಿಟ್ಟ ಆ ಸಾಲಿನ ಬಗ್ಗೆ.

ಬರುವ ವಿದ್ಯಾರ್ಥಿಗೆ ಮೊದಲ ದಿನವೇ ಹೆಡ್‌ಫೋನ್ ಹಾಕಿಕೊಂಡು ಯಾರದೋ ಜೀವ ಉಳಿಸುವ ಆಸೆ ಇರುತ್ತದೆ. ಸಂಸ್ಥೆಗೆ ಸಿಬ್ಬಂದಿ ಕಡಿಮೆ ಇರುತ್ತಾರೆ, ಆದ್ದರಿಂದ ಸಂಬಳವಿಲ್ಲದೆ ದೊರೆತ ಒಂದು ದನಿಯನ್ನು ಬಳಸಿಕೊಳ್ಳುವ ಆಸೆ ಅದಕ್ಕೂ ಇರುತ್ತದೆ. ಈ ಎರಡು ಆಸೆಗಳು ಒಂದಕ್ಕೊಂದು ಒದಗಿದರೆ ಕ್ಷೇತ್ರಕಾರ್ಯ ಅಲ್ಲಿಗೇ ಕೆಟ್ಟಿತು ಎಂದು ತಿಳಿಯಿರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಸಮಾಜಕಾರ್ಯ ವಿದ್ಯಾರ್ಥಿಯ ಕೈಗೆ ಫೋನ್ ಎಲ್ಲಕ್ಕಿಂತ ಕೊನೆಗೆ ಬರಬೇಕು. ಅವನ ಅಥವಾ ಅವಳ ಮುಖ್ಯ ಕಲಿಕೆ ಇರುವುದು ಕರೆ ಬರುವ ಮೊದಲಿನ ತಯಾರಿಯಲ್ಲಿ ಮತ್ತು ಫೋನ್ ಇಟ್ಟ ಮೇಲಿನ ಕೆಲಸದಲ್ಲಿ.

ಸ್ವಲ್ಪ ಇತಿಹಾಸಕ್ಕೆ ಹೋಗೋಣ. 1953ರಲ್ಲಿ ಲಂಡನ್ ನಗರದಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಸಾಯುವ ಯೋಚನೆಯಲ್ಲಿರುವವರು ಫೋನ್ ಮಾಡಿ ಮಾತನಾಡಲೆಂದು ತಮ್ಮ ಚರ್ಚಿನಲ್ಲಿಯೇ ಒಂದು ವ್ಯವಸ್ಥೆ ಮಾಡಿದರು. ಅದೇ ಮುಂದೆ ಸಮಾರಿಟನ್ಸ್ ಸಂಸ್ಥೆಯಾಯಿತು. ಅವರನ್ನು ಕಾಣಲು ಬಂದು ಕಾಯುತ್ತಾ ಕುಳಿತವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಮಾತನಾಡಿಸುತ್ತಿದ್ದರು. ಹಾಗೆ ಮಾತನಾಡಿದವರಲ್ಲಿ ಎಷ್ಟೋ ಜನರಿಗೆ ಒಳಗೆ ಹೋಗಿ ಪಾದ್ರಿಯನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ ಎಂಬುದನ್ನು ವಾರಾ ಬೇಗ ಗಮನಿಸಿದರು. ನಮ್ಮ ದಕ್ಷಿಣದಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು 1986ರಲ್ಲಿ ಚೆನ್ನೈಯಲ್ಲಿ ಕಟ್ಟಿದ ಸ್ನೇಹಾ ಸಂಸ್ಥೆಯೂ ತರಬೇತಿ ಪಡೆದ ಸ್ವಯಂಸೇವಕರನ್ನೇ ನಂಬಿ ಬೆಳೆದದ್ದು. ಸಾಮಾನ್ಯ ಮನುಷ್ಯ ಮನಸ್ಸಿಟ್ಟು ಕೇಳಿದರೆ ಸಂಕಟ ಇಳಿಯುತ್ತದೆ ಎಂಬುದು ಈ ಪರಂಪರೆಯ ನಂಬಿಕೆ.

ಇನ್ನೊಂದು ಪರಂಪರೆ ನಿಮ್ಮದೇ. ಇವತ್ತು ಎಲ್ಲ ಶಾಲೆಗಳ ಗೋಡೆಯ ಮೇಲೆ ಕಾಣುವ 1098 ಸಂಖ್ಯೆಯ ಮಕ್ಕಳ ಸಹಾಯವಾಣಿ 1996ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ, ಜೆರೂ ಬಿಲಿಮೋರಿಯಾ ಅವರ ಮುಂದಾಳತ್ವದಲ್ಲಿ ಆರಂಭವಾಯಿತು. ಅಲ್ಲಿ ಫೋನ್ ಎತ್ತಿದರೆ ಕೆಲಸದ ಮೊದಲ ಹೆಜ್ಜೆ ಮಾತ್ರ ಮುಗಿದಂತೆ. ಮಗು ಇರುವ ಜಾಗಕ್ಕೆ ಹೋಗಬೇಕು, ಆಸ್ಪತ್ರೆಗೆ ಸೇರಿಸಬೇಕು, ಪೊಲೀಸರೊಂದಿಗೆ ಮಾತನಾಡಬೇಕು, ಆಮೇಲೆ ಆ ಮಗು ಎಲ್ಲಿ ಮಲಗುತ್ತದೆ ಎಂದು ನೋಡಬೇಕು. ಕೇಳಿಸಿಕೊಳ್ಳುವುದನ್ನು ಮೊದಲ ಪರಂಪರೆಯಿಂದ ಕಲಿಯಿರಿ, ಆದರೆ ನೀವು ಎರಡನೆಯ ಮನೆಯ ಮಕ್ಕಳು ಎಂಬುದನ್ನು ಮರೆಯಬೇಡಿ.

ಈಗ ಒಂದು ಪ್ರಶ್ನೆ ಸಹಜವಾಗಿ ಬರುತ್ತದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯನ್ನು ಆರಂಭಿಸಿತು. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡುವವರು ಸಿಗುತ್ತಾರೆ. ಅದರ ಹಿಂದೆ ನಿಮ್ಹಾನ್ಸ್‌ನ ಮಾರ್ಗದರ್ಶನವಿದೆ. ಹೀಗಿರುವಾಗ ಜಿಲ್ಲೆಯ ಸಣ್ಣ ಸಹಾಯವಾಣಿಯಲ್ಲಿ ವಿದ್ಯಾರ್ಥಿಯನ್ನು ಕೂರಿಸುವುದರಿಂದ ಏನು ಲಾಭ ಎಂದು ಒಬ್ಬ ಪ್ರಾಧ್ಯಾಪಕರು ನನ್ನನ್ನು ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. 14416 ಸಂಖ್ಯೆಯನ್ನು ನೀವೂ ಎಲ್ಲರಿಗೂ ಕೊಡಬೇಕು, ನಾವೂ ಕೊಡುತ್ತೇವೆ. ಆದರೆ ಯಸಳೂರು ಕಡೆಯ ಹೆಂಗಸೊಬ್ಬಳು ಅರ್ಧ ಗಂಟೆ ಅತ್ತು, ಸಮಾಧಾನ ಮಾಡಿಕೊಂಡು, "ಈಗ ನಾಳೆ ನಾನು ಎಲ್ಲಿಗೆ ಹೋಗ್ಲಿ?" ಎಂದು ಕೇಳಿದಾಗ ಕೊಡಬೇಕಾದ ಉತ್ತರದಲ್ಲಿ ಸಕಲೇಶಪುರದ ಬಸ್ಸಿನ ವೇಳೆ ಇರಬೇಕು, ಕಚೇರಿಯ ಹೆಸರಿರಬೇಕು, ಅಲ್ಲಿ ಯಾರನ್ನು ಕೇಳಬೇಕು ಎಂಬುದಿರಬೇಕು. ಆ ಉತ್ತರ ಜಿಲ್ಲೆಯೊಳಗೆ ಓಡಾಡಿದವರ ಹತ್ತಿರ ಮಾತ್ರ ಇರುತ್ತದೆ.

ಆದ್ದರಿಂದ ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಿಗೆ ಮೊದಲು ಕೊಡುವ ಕೆಲಸ ಗೋಡೆಗೆ ಅಂಟಿಸಿದ ಒಂದು ಪಟ್ಟಿಯದು. ಫೋನಿನ ಪಕ್ಕದ ಗೋಡೆಯಲ್ಲಿ ಇಲಾಖೆಗಳ, ಆಸ್ಪತ್ರೆಗಳ, ಠಾಣೆಗಳ ನಂಬರುಗಳ ಪಟ್ಟಿ ಇರುತ್ತದೆ. ಅಧಿಕಾರಿಗಳು ವರ್ಗವಾಗಿರುತ್ತಾರೆ, ಕಚೇರಿ ಬೇರೆ ಕಟ್ಟಡಕ್ಕೆ ಹೋಗಿರುತ್ತದೆ, ಲ್ಯಾಂಡ್‌ಲೈನ್ ಸತ್ತು ಎಷ್ಟೋ ಕಾಲವಾಗಿರುತ್ತದೆ, ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದ ಹೊಸ ನಂಬರಿನ ಕೊನೆಯ ಅಂಕಿ ಟೇಪಿನಡಿ ಮುಚ್ಚಿಹೋಗಿರುತ್ತದೆ. ವಿದ್ಯಾರ್ಥಿ ಆ ಪಟ್ಟಿಯ ಪ್ರತಿ ನಂಬರಿಗೂ ಕರೆ ಮಾಡಬೇಕು. ಯಾರು ಎತ್ತಿದರು, ಎಷ್ಟು ಸಲ ರಿಂಗಾದ ಮೇಲೆ ಎತ್ತಿದರು, ಹೇಗೆ ಮಾತನಾಡಿದರು, ಯಾವ ಹೊತ್ತಿನಲ್ಲಿ ಯಾರೂ ಇರುವುದಿಲ್ಲ ಎಂದು ಬರೆಯಬೇಕು. ಈ ಕೆಲಸ ಯಾರಿಗೂ ಇಷ್ಟವಾಗುವುದಿಲ್ಲ. "ಇದಕ್ಕೆ ಎಂಎಸ್‌ಡಬ್ಲ್ಯೂ ಬೇಕಾ ಮೇಡಂ?" ಎಂದು ಕೇಳಿದವರೂ ಇದ್ದಾರೆ. ಸರ್ಕಾರಿ ಕಚೇರಿಯಲ್ಲಿ ಫೋನ್ ಎತ್ತಿದವರು "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನಾಳೆ ಮಾಡಿ" ಎಂದು ಇಟ್ಟಾಗ ತನಗೆ ಬಂದ ಸಿಟ್ಟನ್ನು ವಿದ್ಯಾರ್ಥಿ ಒಮ್ಮೆ ಅನುಭವಿಸಿದರೆ, ಅದೇ ಮಾತನ್ನು ಹೊಡೆತ ತಿಂದು ಬಂದ ಹೆಂಗಸು ಕೇಳಿದಾಗ ಏನಾಗುತ್ತದೆ ಎಂದು ನಾವು ಪಾಠ ಮಾಡಬೇಕಾಗುವುದಿಲ್ಲ.

ಪಟ್ಟಿಯಾದ ಮೇಲೆ ಓಡಾಟ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯ ತಪಾಸಣೆಗೆ ಹೋಗಿ ಒಂದು ಬೆಳಗ್ಗೆ ಸಾಲಿನಲ್ಲಿ ಕುಳಿತುಕೊಳ್ಳಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆಯೂ ಇದೆ. ಅವರನ್ನು ಭೇಟಿ ಮಾಡಬೇಕು. ಅಂದ ಹಾಗೆ, ದೇಶವೆಲ್ಲ ಅನುಸರಿಸುವ ಈ ಜಿಲ್ಲಾ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದ. 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಹೊಣೆ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮೇಲಿದೆ ಎಂಬುದು ಪುಸ್ತಕದಲ್ಲಿ ಓದಿದರೆ ನೆನಪಿನಲ್ಲಿ ಉಳಿಯುವುದಿಲ್ಲ. ಅಂಗನವಾಡಿಯ ಆಹಾರದ ಲೆಕ್ಕ ನೋಡುವ ಕಚೇರಿಯಲ್ಲಿಯೇ ಹೊಡೆತ ತಿಂದವಳ ಅರ್ಜಿಯನ್ನೂ ತೆಗೆದುಕೊಳ್ಳಬೇಕು ಎಂಬುದನ್ನು ಆ ಕಚೇರಿಯ ಬೆಂಚಿನ ಮೇಲೆ ಕುಳಿತು ನೋಡಿದರೆ ಮರೆಯುವುದಿಲ್ಲ. ನೊಂದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ, ಸಾಂತ್ವನ ಕೇಂದ್ರ, ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಕ್ಕೂ ಇದೇ ಮಾತು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹೇಳಿದ್ದರೂ, "ವಕೀಲರಿಗೆ ಕೊಡೋಕೆ ದುಡ್ಡಿಲ್ಲ" ಎಂಬ ಮಾತನ್ನು ನೀವು ಪಾಳಿಯಲ್ಲಿ ಮತ್ತೆ ಮತ್ತೆ ಕೇಳುತ್ತೀರಿ.

ಇಷ್ಟಾದ ಮೇಲೆ ಕೇಳುವ ಹಂತ. ಅನುಭವಿ ಆಪ್ತಸಮಾಲೋಚಕರ ಪಕ್ಕದಲ್ಲಿ ಕುಳಿತು, ಕರೆ ಮಾಡಿದವರ ಒಪ್ಪಿಗೆ ಪಡೆದು, ಎರಡನೆಯ ಹೆಡ್‌ಫೋನಿನಲ್ಲಿ ಕೇಳುವುದು. ಇಲ್ಲಿ ಎಲ್ಲ ವಿದ್ಯಾರ್ಥಿಗಳೂ ಕಥೆಯ ಹಿಂದೆ ಹೋಗುತ್ತಾರೆ. ಗಂಡ ಏನು ಮಾಡಿದ, ಅತ್ತೆ ಏನೆಂದಳು, ಸಾಲ ಎಷ್ಟು ಎಂಬುದೆಲ್ಲ ಬರೆದುಕೊಂಡಿರುತ್ತಾರೆ. ಸಮಾಲೋಚಕಿ ಯಾವ ಪ್ರಶ್ನೆಯನ್ನು ಯಾವ ಹೊತ್ತಿನಲ್ಲಿ ಕೇಳಿದರು, ಎಲ್ಲಿ ಸುಮ್ಮನಿದ್ದರು ಎಂಬುದನ್ನು ಬರೆದಿರುವುದಿಲ್ಲ. ಒಂದು ಕರೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅರಕಲಗೂಡು ಕಡೆಯ ರೈತರು ಎಂದಿಟ್ಟುಕೊಳ್ಳಿ. ಕರೆ ಮಾಡಿ, "ಏನಿಲ್ಲ ಮೇಡಂ, ಶುಂಠಿ ರೇಟ್ ಎಷ್ಟೈತೆ ಅಂತ ಕೇಳಾನ ಅಂತ ಮಾಡ್ದೆ" ಎಂದರು. ಪಕ್ಕದಲ್ಲಿದ್ದ ವಿದ್ಯಾರ್ಥಿನಿ ರಾಂಗ್ ನಂಬರ್ ಎಂದು ಪುಸ್ತಕದಲ್ಲಿ ಬರೆದೂ ಆಯಿತು. ಸಮಾಲೋಚಕಿ ಫೋನ್ ಇಡಲಿಲ್ಲ. "ಶುಂಠಿ ರೇಟ್ ನಂಗೆ ಗೊತ್ತಿಲ್ಲ ಅಣ್ಣ. ನೀವು ಈ ಸಲ ಎಷ್ಟು ಹಾಕಿದ್ರಿ?" ಎಂದರು. ಅಲ್ಲಿಂದ ಮಾತು ಹೊರಟಿತು. ಗುತ್ತಿಗೆಗೆ ಹಿಡಿದ ಜಮೀನು, ಕೊಳೆ ರೋಗ, ಕೈಸಾಲ, ಮಗಳ ಮದುವೆಗೆ ಮಾತು ಕೊಟ್ಟಿರುವುದು, ಬ್ಯಾಂಕಿನವರು ಮನೆಯ ಮುಂದೆ ನಿಂತು ಮಾತನಾಡಿದ್ದನ್ನು ಇಡೀ ಬೀದಿ ನೋಡಿದ್ದು. ನಡುವೆ, "ನೀನು ನನ್ ಮಗಳ ವಯಸ್ಸಿನೋಳು ಕಣವ್ವ, ನಿಂಗೇನು ಹೇಳ್ಲಿ ಬಿಡು" ಎಂದು ನಿಲ್ಲಿಸಿದರು. ಸಮಾಲೋಚಕಿ ಮಾತಿಗೆ ಮಾತು ಸೇರಿಸದೆ ಕಾದರು. ಆಮೇಲೆ ನಿಧಾನವಾಗಿ, "ಅಣ್ಣ, ಇಷ್ಟೆಲ್ಲ ಒಬ್ರೇ ಹೊತ್ಕೊಂಡಿದೀರ. ಜೀವ ಕಳ್ಕೊಳ್ಳೋ ಯೋಚ್ನೆ ಏನಾದ್ರೂ ಬಂದೈತಾ?" ಎಂದು ಕೇಳಿದರು. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. "ಬಂದೈತೆ ಕಣವ್ವ" ಎಂದರು.

ಆ ಪ್ರಶ್ನೆ ಕೇಳಿದ ಗಳಿಗೆಯಲ್ಲಿ ವಿದ್ಯಾರ್ಥಿನಿಯ ಕೈ ತಾನಾಗಿ ಬಾಯಿಗೆ ಹೋಗಿತ್ತು. ನಾವೆಲ್ಲ ಬೆಳೆದದ್ದು ಹಾಗೆ ತಾನೆ? ಮನೆಯಲ್ಲಿ ಯಾರಾದರೂ ಸಾವಿನ ಮಾತೆತ್ತಿದರೆ ಅಜ್ಜಿ ಒಲೆಯ ಮುಂದಿನಿಂದಲೇ "ಬಿಡ್ತು ಅನ್ನು" ಎಂದು ಗದರುತ್ತಿದ್ದರು. ದೀಪ ಹಚ್ಚುವ ಹೊತ್ತಿನಲ್ಲಾದರೆ ಇನ್ನೂ ಜೋರಾಗಿ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದು ನಡೆದೇಬಿಡುತ್ತದೆ ಎಂಬ ಭಯ ನಮ್ಮ ಮೈಯಲ್ಲಿದೆ. ಆದ್ದರಿಂದಲೇ ಹೊಸಬರು "ಹಂಗೆಲ್ಲ ಏನೂ ಯೋಚ್ನೆ ಮಾಡ್ತಿಲ್ಲ ಅಲ್ವಾ?" ಎಂದು, ಇಲ್ಲ ಎನ್ನುವ ಉತ್ತರವನ್ನೇ ಬೇಡುವ ಹಾಗೆ ಕೇಳುತ್ತಾರೆ. ಕರೆ ಮಾಡಿದವರು ಮರ್ಯಾದಸ್ಥರು, ಇಲ್ಲ ಎನ್ನುತ್ತಾರೆ. ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ; ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಲು ಒಂದು ಬಾಗಿಲು ತೆರೆಯುತ್ತದೆ ಅಷ್ಟೆ. ಆ ಪ್ರಶ್ನೆಯನ್ನು ದನಿ ನಡುಗದೆ, ತಗ್ಗಿಸದೆ, ಕನ್ನಡದಲ್ಲಿ ಕೇಳುವುದನ್ನು ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಎದುರು ಕುಳಿತು ಅಭ್ಯಾಸ ಮಾಡಬೇಕು. ತರಗತಿಯಲ್ಲಿ ನಗು ಬರುತ್ತದೆ, ಬರಲಿ. ನಗು ನಿಂತ ಮೇಲೂ ಅಭ್ಯಾಸ ಮುಂದುವರಿಯಬೇಕು.

ಕರೆ ಅಲ್ಲಿಗೆ ಮುಗಿಯಲಿಲ್ಲ. ಈಗ ಪಕ್ಕದಲ್ಲಿ ಯಾರಿದ್ದಾರೆ, ಇವತ್ತು ರಾತ್ರಿ ಯಾರ ಜೊತೆ ಇರುತ್ತಾರೆ, ಗದ್ದೆಗೆ ಹೊಡೆಯುವ ಔಷಧಿ ಮನೆಯಲ್ಲಿದೆಯೇ, ಅದನ್ನು ತಮ್ಮನ ಕೈಗೆ ಕೊಟ್ಟು ಬೇರೆ ಕಡೆ ಬೀಗ ಹಾಕಿಸಬಹುದೇ, ತಮ್ಮನೊಡನೆ ನಾವೇ ಮಾತನಾಡಬಹುದೇ ಎಂದು ಒಂದೊಂದಾಗಿ ಕೇಳಿ, ಒಪ್ಪಿಸಿ, ತಮ್ಮ ಲೈನಿಗೆ ಬಂದ ಮೇಲೆಯೇ ಸಮಾಲೋಚಕಿ ಕುರ್ಚಿಗೆ ಒರಗಿದ್ದು. ಸಂಕಟದ ತುದಿ ಬಹಳ ಹೊತ್ತು ಅಷ್ಟೇ ಚೂಪಾಗಿ ಇರುವುದಿಲ್ಲ; ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಂತೆ ಇರುವುದು ನೂರು ಬುದ್ಧಿಮಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದಾರೆ, ಅವರಲ್ಲಿ 13,606 ಮಂದಿ ಕರ್ನಾಟಕದವರು. ಇಂಥ ಕರೆ ನನ್ನ ಪಾಳಿಗೆ ಬರಲಾರದು ಎಂದು ಯಾವ ವಿದ್ಯಾರ್ಥಿಯೂ ಅಂದುಕೊಳ್ಳುವಂತಿಲ್ಲ.

ಆಮೇಲೆ ವಿದ್ಯಾರ್ಥಿನಿಯ ಕೆಲಸ ಆರಂಭವಾಯಿತು. ಮರುದಿನ ಒಪ್ಪಿಕೊಂಡ ಹೊತ್ತಿಗೆ ಸಮಾಲೋಚಕಿ ಮಾಡುವ ಕರೆಗೆ ವಿವರ ಸಿದ್ಧಮಾಡುವುದು, ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ತಪಾಸಣೆಗೆ ಯಾರು ಕರೆದುಕೊಂಡು ಬರುತ್ತಾರೆ ಎಂದು ಗೊತ್ತುಮಾಡುವುದು, ಸಾಲದ ಬಗ್ಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸುವುದು. ರೈತನ ಸಾಲ ಸಹಾಯವಾಣಿಯಿಂದ ತೀರಲಿಲ್ಲ, ಅದು ನಮ್ಮಿಂದ ಆಗುವ ಕೆಲಸವೂ ಅಲ್ಲ. ಆದರೆ ಬ್ಯಾಂಕಿನವರು ಬೀದಿಯಲ್ಲಿ ನಿಂತು ಅವಮಾನ ಮಾಡುವಂತಿಲ್ಲ ಎಂದು ವಕೀಲರೊಬ್ಬರು ಹೇಳಿದ ಮಾತು ಆ ಮನೆಗೆ ತಲುಪಿತು. ಶುಂಠಿ ಬೆಲೆಯನ್ನೋ, ಮಳೆಯನ್ನೋ, ಬಡ್ಡಿಯನ್ನೋ ಪ್ರತಿಯೊಬ್ಬರ ಮನಸ್ಸಿನ ಕಾಯಿಲೆಯಾಗಿ ಮಾತ್ರ ನೋಡುವ ಅಭ್ಯಾಸ ಸಮಾಜಕಾರ್ಯದವರಿಗೆ ಬರಬಾರದು.

ಇನ್ನೊಂದು ವಿಷಯ ಕಾನೂನಿನದು. ಹಳ್ಳಿಗಳಲ್ಲಿ ಯಾರಾದರೂ ಆತ್ಮಹತ್ಯೆಯ ಪ್ರಯತ್ನ ಮಾಡಿಕೊಂಡಾಗ ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡುವವರು ಇಂದಿಗೂ ಇದ್ದಾರೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಸೆಕ್ಷನ್, ಅಂಥ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅದಕ್ಕೆ ವಿರುದ್ಧವಾದದ್ದು ಸಾಬೀತಾಗದ ಹೊರತು ವಿಚಾರಣೆಗೂ ಶಿಕ್ಷೆಗೂ ಗುರಿಮಾಡಬಾರದು ಎನ್ನುತ್ತದೆ. ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದೂ ಹೇಳುತ್ತದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಆ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ ಹಳೆಯ 309ನೆಯ ಸೆಕ್ಷನ್ನೇ ಉಳಿದಿಲ್ಲ. ಆಸ್ಪತ್ರೆಯಲ್ಲಿ ಪೊಲೀಸರಿಗೆ ಮಾಹಿತಿ ಹೋಗಬಹುದು, ಆದರೆ ಅದಕ್ಕೆ ಹೆದರಿ ಒಂದು ನಿಮಿಷವನ್ನೂ ಕಳೆಯಬೇಡಿ ಎಂದು ಸ್ಪಷ್ಟವಾಗಿ ಹೇಳಲು ವಿದ್ಯಾರ್ಥಿಗೆ ಬರಬೇಕು.

ಗೋಪ್ಯತೆಯ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಪಠ್ಯಪುಸ್ತಕಗಳನ್ನು ಬರೆದವರು ದೊಡ್ಡ ನಗರಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದಾರೆ. ನಮ್ಮ ಹಾಸನ, ಚಿಕ್ಕಮಗಳೂರು ಹಾಗಲ್ಲ. ಇಲ್ಲಿ ಯಾರೊಡನೆ ಮಾತನಾಡಿದರೂ ಎರಡನೆಯ ಪ್ರಶ್ನೆಗೆ "ಓ, ನೀವು ಅವರ ಕಡೆಯೋರಾ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪಾಳಿಯಲ್ಲಿ ಕುಳಿತ ವಿದ್ಯಾರ್ಥಿಗೆ ತನ್ನ ಊರಿನ ಅಂಗಡಿಯವರ ದನಿ, ಹೈಸ್ಕೂಲಿನ ಮೇಷ್ಟರ ದನಿ, ಚಿಕ್ಕಮ್ಮನ ದನಿ ಕೇಳಿಸಬಹುದು. ಆಗ ಏನು ಮಾಡಬೇಕು? ಗುರುತು ಸಿಕ್ಕಿತೆಂದು ಹೇಳಿಕೊಂಡು ಅವರನ್ನು ನಾಚಿಸಬಾರದು, ಗುರುತೇ ಇಲ್ಲವೆಂದು ನಟಿಸುತ್ತಾ ಅವರ ಮನೆಯ ಗುಟ್ಟನ್ನು ಕೇಳುತ್ತಲೂ ಕೂರಬಾರದು. "ಒಂದು ನಿಮಿಷ ಇರಿ, ನಮ್ಮ ಹಿರಿಯರು ಮಾತಾಡ್ತಾರೆ" ಎಂದು ಲೈನನ್ನು ಒಪ್ಪಿಸಿ, ಹೆಡ್‌ಫೋನ್ ತೆಗೆದಿಟ್ಟು, ಕೋಣೆಯಿಂದ ಹೊರಗೆ ಹೋಗಬೇಕು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅದೇ ಅಂಗಡಿಯಲ್ಲಿ ಸಾಮಾನು ತರುವಾಗ ಮುಖದಲ್ಲಿ ಏನನ್ನೂ ತೋರದೆ ಚಿಲ್ಲರೆ ಎಣಿಸಿಕೊಳ್ಳುವುದು ಕ್ಷೇತ್ರಕಾರ್ಯದ ಭಾಗವೇ ಹೌದು, ಅದಕ್ಕೆ ಅಂಕವಿಲ್ಲದಿದ್ದರೂ.

ಫೋನು ಒಬ್ಬರದೇ ಆಗಿರುವುದಿಲ್ಲ ಎಂಬುದೂ ಇಲ್ಲಿನ ಸತ್ಯ. ಮೂಡಿಗೆರೆ, ಸಕಲೇಶಪುರದ ತೋಟಗಳ ಲೈನ್ ಮನೆಯಿಂದ ಮಾತನಾಡುವ ಹೆಂಗಸಿನ ಕೈಯಲ್ಲಿ ಗಂಡನ ಫೋನೋ ಪಕ್ಕದ ಮನೆಯವರ ಫೋನೋ ಇರುತ್ತದೆ. ರೇಂಜ್ ಸಿಗುವ ದಿಬ್ಬ ಹತ್ತಿ ನಿಂತು ಮಾಡಿದ ಕರೆ ಮಳೆಗಾಲದಲ್ಲಿ ನಡುವೆಯೇ ತುಂಡಾಗುತ್ತದೆ. ಒಳ್ಳೆಯ ಮನಸ್ಸಿನ ವಿದ್ಯಾರ್ಥಿ ಕೂಡಲೇ ಅದೇ ನಂಬರಿಗೆ ತಿರುಗಿ ಕರೆ ಮಾಡುತ್ತಾನೆ, ಗಂಡ ಎತ್ತುತ್ತಾನೆ, ಆ ರಾತ್ರಿ ಆಕೆ ಅದಕ್ಕೆ ಬೆಲೆ ತೆರುತ್ತಾಳೆ. ಆದ್ದರಿಂದ ಮಾತಿನ ಆರಂಭದಲ್ಲಿಯೇ, "ಅಕ್ಕ, ಈಗ ಮಾತಾಡಬಹುದಾ? ಕಟ್ ಆದ್ರೆ ನಾವೇ ಮಾಡೋದಾ, ಬೇಡ್ವಾ? ಬೇರೆ ಯಾರಾದ್ರೂ ಎತ್ತಿದ್ರೆ ಏನಂತ ಹೇಳೋದು?" ಎಂದು ಕೇಳಿಟ್ಟುಕೊಳ್ಳಬೇಕು.

ಗೋಪ್ಯತೆಗೆ ಎಲ್ಲೆಯೂ ಇದೆ. ಹದಿನಾರರ ಹುಡುಗಿಯೊಬ್ಬಳು, "ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ ಅಕ್ಕ, ಆಮೇಲೆ ಹೇಳ್ತೀನಿ" ಎನ್ನುತ್ತಾಳೆ. ಆಣೆ ಮಾಡಬೇಡಿ. 2012ರ ಪೋಕ್ಸೋ ಕಾಯ್ದೆಯ 19ನೆಯ ಸೆಕ್ಷನ್ನಿನಂತೆ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ. ವಿದ್ಯಾರ್ಥಿ ಎಂಬ ವಿನಾಯಿತಿ ಅದರಲ್ಲಿಲ್ಲ. "ನಿನ್ನ ಮಾತನ್ನ ಊರಲ್ಲಿ ಯಾರಿಗೂ ಹೇಳಲ್ಲ. ಆದ್ರೆ ನಿನಗೆ ತೊಂದ್ರೆ ಆಗ್ತಿದ್ರೆ ಅದನ್ನ ನಿಲ್ಲಿಸೋರಿಗೆ ಹೇಳಬೇಕಾಗುತ್ತೆ, ಹೇಳೋ ಮುಂಚೆ ನಿಂಗೆ ಹೇಳ್ತೀನಿ" ಎಂದು ಮೊದಲೇ ಹೇಳಿದರೆ ಕೆಲವು ಮಕ್ಕಳು ಫೋನ್ ಇಟ್ಟುಬಿಡುತ್ತಾರೆ ಎಂಬ ಆಕ್ಷೇಪವಿದೆ. ನಿಜ, ಕೆಲವರು ಇಡುತ್ತಾರೆ. ಆದರೂ ಸುಳ್ಳು ಆಣೆಯಿಂದ ಹೊರಬಂದ ಮಾತಿನ ಮೇಲೆ ಪೊಲೀಸರು ಮನೆಗೆ ಬಂದಾಗ ಆ ಮಗು ಮುಂದೆ ಯಾವ ದೊಡ್ಡವರನ್ನೂ ನಂಬುವುದಿಲ್ಲ.

ಈಗ ಮಾರ್ಗದರ್ಶಕರ ಕಡೆ ತಿರುಗುತ್ತೇನೆ. ಕ್ಷೇತ್ರಕಾರ್ಯದ ವರದಿ ಎಷ್ಟು ಪುಟ ಇದೆ ಎಂದು ವೈವಾದಲ್ಲಿ ನೋಡುವ ಪದ್ಧತಿ ಸಹಾಯವಾಣಿಯ ಮಟ್ಟಿಗೆ ಅಪಾಯಕಾರಿ. ಪುಟ ತುಂಬಿಸಲು ವಿದ್ಯಾರ್ಥಿ ಕರೆ ಮಾಡಿದವರ ಬದುಕನ್ನೇ ತುಂಬಿಸುತ್ತಾನೆ. ಹೆಸರು ಬದಲಿಸಿದ್ದೇನೆ ಎನ್ನುತ್ತಾನೆ. ಆದರೆ "ಬೇಲೂರು ತಾಲ್ಲೂಕಿನ ಹೋಬಳಿಯೊಂದರಲ್ಲಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ, ಇಬ್ಬರು ಅವಳಿ ಮಕ್ಕಳಿರುವ ವಿಧವೆ" ಎಂದು ಬರೆದರೆ ಹೆಸರಿನ ಅಗತ್ಯ ಯಾರಿಗಿದೆ? ಸ್ಪೈರಲ್ ಬೈಂಡಿಂಗ್ ಮಾಡಿಸಲು ಕೊಟ್ಟ ಜೆರಾಕ್ಸ್ ಅಂಗಡಿಯವರು ಬೇಲೂರಿನವರೇ ಆಗಿದ್ದರೆ ಮುಗಿಯಿತು. ಕಾಲೇಜಿನ ಗುಂಪು ಚರ್ಚೆಯಲ್ಲಿ ಅದೇ ಕಥೆ ಇಪ್ಪತ್ತು ಸಹಪಾಠಿಗಳ ಮುಂದೆ ಬರುತ್ತದೆ, ಮಧ್ಯಾಹ್ನದೊಳಗೆ ವಾಟ್ಸಾಪಿಗೆ ಹೋಗುತ್ತದೆ. ನಾನು ಕೇಳುವುದಿಷ್ಟು: ವಿದ್ಯಾರ್ಥಿ ತನ್ನ ಬಗ್ಗೆ ಬರೆಯಲಿ. ಯಾವ ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ, ಎಲ್ಲಿ ಬುದ್ಧಿ ಹೇಳುವ ಚಪಲ ಬಂತು, ಯಾವ ಕಚೇರಿಯ ದಾರಿ ಅರ್ಧಕ್ಕೆ ನಿಂತಿತು, ಏಕೆ ನಿಂತಿತು. ಕರೆಯ ವಿವರ ಸಂಸ್ಥೆಯ ಬೀರುವಿನಲ್ಲಿಯೇ ಉಳಿಯಲಿ. ನಾಲ್ಕೇ ಪುಟದ ಇಂಥ ವರದಿಗೆ ಹೆಚ್ಚು ಅಂಕ ಕೊಡುವ ಧೈರ್ಯ ವಿಭಾಗಗಳು ಮಾಡಬೇಕು. ಸ್ವಂತ ಮೊಬೈಲಿನಲ್ಲಿ ಕರೆಯನ್ನು ರೆಕಾರ್ಡ್ ಮಾಡುವುದಂತೂ, ಕಲಿಯಲೆಂದೇ ಆದರೂ, ಕೂಡದು.

ಫೋನ್ ವಿದ್ಯಾರ್ಥಿಯ ಕೈಗೆ ಬರುವ ಹಂತ ಎರಡನೆಯ ವರ್ಷಕ್ಕೆ ಇರಲಿ ಎಂಬುದು ನನ್ನ ಸಲಹೆ. ಆಗಲೂ ಹಿರಿಯರೊಬ್ಬರು ಪಕ್ಕದಲ್ಲಿರಬೇಕು; ರಾತ್ರಿ ಪಾಳಿ ಬೇಡ. ತಾನು ಆಪ್ತಸಮಾಲೋಚಕಿ ಎಂದು ಹೇಳಿಕೊಳ್ಳಬಾರದು; ತರಬೇತಿಯಲ್ಲಿರುವ ವಿದ್ಯಾರ್ಥಿನಿ ಎಂದೇ ಹೇಳಬೇಕು. ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಎನ್ನಿಸಿಕೊಳ್ಳಲು ಎಂಎಸ್‌ಡಬ್ಲ್ಯೂ ಆದ ಮೇಲೆ ಎರಡು ವರ್ಷದ ಎಂಫಿಲ್ ಬೇಕೆಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಹುಡುಗಿಯ ದನಿ ಕೇಳಲೆಂದೇ ಕರೆ ಮಾಡಿ ಅಸಭ್ಯವಾಗಿ ಮಾತನಾಡುವವರು ಎಲ್ಲ ಸಹಾಯವಾಣಿಗಳಲ್ಲೂ ಇದ್ದಾರೆ. ಒಮ್ಮೆ ಎಚ್ಚರಿಸಿ ಫೋನ್ ಇಡುವ ಅಧಿಕಾರ ವಿದ್ಯಾರ್ಥಿನಿಗೆ ಇದೆ ಎಂದು ಮೊದಲ ದಿನವೇ ಬರೆದು ಕೊಡಿ. "ಸಹನೆಯಿಂದ ಕೇಳು" ಎಂಬ ಪಾಠ ಅಂಥ ಕರೆಗೆ ಅನ್ವಯಿಸುವುದಿಲ್ಲ.

ಕರೆ ಕೇಳಿದವರ ಮೇಲೂ ಅದರ ಭಾರ ಬೀಳುತ್ತದೆ. ಸಮಾಜಕಾರ್ಯಕರ್ತರು ಮತ್ತು ನೆರವು ಕೇಳಿ ಬಂದವರ ಸಂಬಂಧದ ಬಗ್ಗೆ ಫೆಲಿಕ್ಸ್ ಬೀಸ್ಟೆಕ್ ಎಂಬ ವಿದ್ವಾಂಸರು ಹೇಳಿದ ಏಳು ತತ್ವಗಳನ್ನು ನೀವು ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಿ. ಅದರಲ್ಲಿ ಹತೋಟಿಯಲ್ಲಿರುವ ಭಾವನಾತ್ಮಕ ಒಳಗೊಳ್ಳುವಿಕೆ ಎಂಬುದು ಒಂದು. ಅದು ಒಬ್ಬರೇ ಕುಳಿತು ಸಾಧಿಸುವ ವಿದ್ಯೆಯಲ್ಲ. ಪಾಳಿ ಮುಗಿದ ಮೇಲೆ ಮೇಲ್ವಿಚಾರಕರ ಜೊತೆ ಅರ್ಧ ಗಂಟೆ ಮಾತನಾಡದೆ ಯಾವ ವಿದ್ಯಾರ್ಥಿಯನ್ನೂ ಬಸ್ಸು ಹತ್ತಲು ಬಿಡಬಾರದು. ಕೆಲವು ವಿದ್ಯಾರ್ಥಿಗಳ ಮನೆಯಲ್ಲಿಯೇ ಇಂಥ ಸಾವು ನಡೆದಿರುತ್ತದೆ. ನಿಯೋಜನೆಗೆ ಮೊದಲು ಮಾರ್ಗದರ್ಶಕರು ಪ್ರತ್ಯೇಕವಾಗಿ ಕರೆದು ಕೇಳಬೇಕು. ಈಗ ಬೇಡ ಎಂದವರಿಗೆ ಕಾರಣ ಕೇಳದೆ, ಅಂಕ ಕಡಿಯದೆ ಬೇರೆ ಸಂಸ್ಥೆ ಕೊಡಬೇಕು. ಬೇಕು ಎಂದವರನ್ನು ಅದೇ ಕಾರಣಕ್ಕೆ ದೂರ ಇಡುವುದೂ ತಪ್ಪು. ಅವರಲ್ಲಿ ಕೆಲವರು ಬಹಳ ಒಳ್ಳೆಯ ಕೇಳುಗರಾಗಿದ್ದಾರೆ.

ಕೊನೆಯದಾಗಿ, ಸೆಮಿಸ್ಟರ್ ಮುಗಿಯುವ ವಿಷಯ. ಪರೀಕ್ಷೆಯ ವೇಳಾಪಟ್ಟಿ ಬಂದ ಕೂಡಲೇ ವಿದ್ಯಾರ್ಥಿಗಳು ಮಾಯವಾಗುತ್ತಾರೆ, ಹಾಜರಾತಿ ಹಾಳೆಗೆ ಸಹಿ ಹಾಕಿಸಲು ಮಾತ್ರ ಒಮ್ಮೆ ಬರುತ್ತಾರೆ. ಅಷ್ಟರಲ್ಲಿ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರು, "ಆ ಹುಡುಗಿ ಬರ್ತೀನಿ ಅಂದಿದ್ಲು" ಎಂದು ಕಾಯುತ್ತಿರುತ್ತಾರೆ. ಪರೀಕ್ಷಾ ರಜೆಗೆ ಎರಡು ವಾರ ಮೊದಲೇ, ತನ್ನ ಕೈಯಲ್ಲಿರುವ ಪ್ರತಿ ಮುಂದುವರಿಕೆಯ ಕೆಲಸವನ್ನೂ ಸಂಸ್ಥೆಯ ಸಿಬ್ಬಂದಿಯೊಬ್ಬರ ಹೆಸರಿಗೆ ಬರೆದು ಒಪ್ಪಿಸಬೇಕು. ತಾನು ಜೊತೆಗೆ ನಿಂತವರಿಗೆ, ಮೇಲ್ವಿಚಾರಕರನ್ನು ಪಕ್ಕದಲ್ಲಿಟ್ಟುಕೊಂಡು, ಇನ್ನು ಮುಂದೆ ನಿಮ್ಮ ಜೊತೆ ಮಾತನಾಡುವವರು ಇವರು ಎಂದು ಹೇಳಬೇಕು. ಸ್ವಂತ ನಂಬರನ್ನು ಯಾರಿಗೂ ಕೊಡಬಾರದು, ಆಗಾಗ ಫೋನ್ ಮಾಡುತ್ತೇನೆ ಎಂಬ ಮಾತನ್ನೂ ಕೊಡಬಾರದು. ಗೋಡೆಯ ಪಟ್ಟಿಯನ್ನು ಇನ್ನೊಮ್ಮೆ ಪರಿಶೀಲಿಸಿ, ಬದಲಾದ ನಂಬರುಗಳನ್ನು ತಿದ್ದಿ, ಕೆಳಗೆ ಅಂದಿನ ದಿನಾಂಕ ಹಾಕಬೇಕು. ಹಾಜರಾತಿ ಹಾಳೆಗೆ ನಮ್ಮ ಸಹಿ ಅದಾದ ಮೇಲೆ.